ಸದ್ದು ಮಾಡದ ಪಾಚಿ

ನನ್ನ ಕವೆಗೋಲು ಮೊದಲು ತಾಗಿದ್ದು ಒಂದು ಬೂಟಿಗೆ.

ಸೋಮವಾರ ಬೆಳಗ್ಗೆ. ಫೆಬ್ರವರಿಯ ಮಂಜು ನೀರಿನ ಮೇಲೆ ಇನ್ನೂ ಕೂತೇ ಇತ್ತು. ಪಾದ್ರಿಮನೆಯ ಕೆಳಗೆ, ಮೂಡಲ ದಂಡೆಯಲ್ಲಿ, ಒಂದು ಗಾಡಿಯಷ್ಟು ಕಡಲಪಾಚಿ ರಾಶಿ ಬಿದ್ದಿತ್ತು. ಸಮುದ್ರ ತಾನಾಗಿ ತಂದು ಹಾಕಿದ ಪಾಚಿಯನ್ನು ಮೊದಲು ಕಂಡವನು ಒಯ್ಯಬಹುದು. ನನ್ನ ಆಲೂಗಡ್ಡೆ ಹೊಲಕ್ಕೆ ಅದೇ ಗೊಬ್ಬರ. ದೇವರು ಕೊಟ್ಟ ಎಂದುಕೊಂಡು ಅರ್ಧ ಗಾಡಿ ತುಂಬಿದ್ದೆ. ಆಗ ಕವೆಗೋಲು ಮೆತ್ತಗಿನದಕ್ಕೆ ಬಡಿದು ನಿಂತಿತು.

ಬೂಟು. ಅದರ ಮೇಲೆ ಕಪ್ಪು ಕಾಲುಚೀಲ. ಕೈಯಿಂದ ಪಾಚಿ ಸರಿಸಿದೆ. ನಮ್ಮ ಅಯ್ಯನವರ ಮುಖ ಕಂಡಿತು.

ರೆವರೆಂಡ್ ಅಮೀಸ್ ಸಿವ್ರೆ. ಸಾಂಮಗ್ಲೋರಿನ ಪಾದ್ರಿಗಳು. ಮೂವತ್ತೊಂದು ವರ್ಷದಿಂದ ಜೆರ್ಸಿಯ ಕಾನೂನು ಮಾಡುವ ದ್ವೀಪಸಭೆಯಲ್ಲಿ ನಮ್ಮೂರಿನ ಪರವಾಗಿ ಕೂತವರು. ನನ್ನ ಮದುವೆ ಮಾಡಿಸಿದವರು. ನನ್ನ ಇಬ್ಬರು ಮಕ್ಕಳನ್ನು ಮಣ್ಣು ಮಾಡಿದವರೂ ಅವರೇ. ಕಣ್ಣು ತೆರೆದೇ ಇತ್ತು. ಎಡ ಕಪಾಲದ ಮೇಲೆ ಗಾಯ. ಬಾಯಲ್ಲಿ ಮರಳು.

ಟೋಪಿ ತೆಗೆದು ನಿಂತೆ. ಆಮೇಲೆ ಎಲಿಯನ್ನು ಕರೆಯಲು ಓಡಿದೆ.

ಎಲಿ ಗಲಿಶಾಂ ನಮ್ಮೂರಿನ ಪೊಲೀಸು. ಊರವರೇ ಆರಿಸಿದವನು. ಸಂಬಳವಿಲ್ಲ, ಸಮವಸ್ತ್ರವಿಲ್ಲ. ಕಸುಬು ದೋಣಿ ಕಟ್ಟುವುದು. ಒಂದು ಮಾರು ಹೊಲವೂ ಇಲ್ಲದವನು ಎಂದು ಊರಲ್ಲಿ ಗೇಲಿ ಮಾಡುತ್ತಿದ್ದರು. ಆ ಕೊರತೆಯೇ ಮುಂದೆ ನಮ್ಮನ್ನು ಕಾಪಾಡಿತು.

ಅವನು ಬಂದು ಹೆಣದ ಪಕ್ಕ ಕುಕ್ಕರಗಾಲಲ್ಲಿ ಕೂತ. ಮುಟ್ಟಲಿಲ್ಲ. ಸಮುದ್ರವನ್ನು ನೋಡಿದ.

"ಜೋಸುವೆ ಮಾವ, ಗಾಳಿ ಬೀಸಿ ಎಷ್ಟು ದಿನ ಆಯ್ತು?"

"ಎಂಟು ದಿನ ಆಗಿರ್ಬೇಕು. ಯಾಕಪ್ಪಾ?"

"ಏನಿಲ್ಲ."

ಅಷ್ಟರಲ್ಲಿ ಊರ ಯಜಮಾನ ಕ್ಲೆಮಾಂ ವೋತಿಯೆ ಬಂದ. ದೊಡ್ಡ ರೈತ. ದ್ವೀಪಸಭೆಯಲ್ಲಿ ಅವನಿಗೂ ಒಂದು ಕುರ್ಚಿ. ಪ್ರತಿ ವರ್ಷ ಪಟ್ಟಣದ ಸಂತೆಗೆ ಮೊದಲ ಹೊಸ ಆಲೂಗಡ್ಡೆ ಹೋಗುವುದು ಅವನ ಹೊಲದಿಂದಲೇ. ಅದು ಹೋಗುವ ದಿನ ಕುದುರೆಯ ಕೊರಳಿಗೆ ರಿಬ್ಬನ್ ಕಟ್ಟುತ್ತಿದ್ದ.

ಅವನು ಹೆಣ ನೋಡಿ ಶಿಲುಬೆ ಗುರುತು ಮಾಡಲು ಹೋಗಿ, ನಾವು ಹಾಗೆ ಮಾಡುವ ಪಂಗಡದವರಲ್ಲ ಎಂಬುದು ನೆನಪಾಗಿ ಕೈ ಇಳಿಸಿದ.

"ಅಯ್ಯೋ, ಕೊನೆಗೂ ಮಾಡ್ಕೊಂಡ್ಬಿಟ್ರಲ್ಲ ನಮ್ಮಯ್ಯನೋರು" ಎಂದ.

"ಏನು ಮಾಡ್ಕೊಂಡ್ರು?" ಎಲಿ ಕೇಳಿದ.

"ಬಾಯಿಬಿಟ್ಟು ಬೇರೆ ಹೇಳ್ಬೇಕಾ? ಹೆಂಡ್ತಿ ಮಗಳು ಹೋದಾಗ್ಲಿಂದ ಆ ಮನುಷ್ಯ ನಕ್ಕಿದ್ದು ಕಂಡಿದ್ಯಾ ನೀನು?"

ನಾನೂ ಕಂಡಿರಲಿಲ್ಲ. ಕಾಲರಾ ವರ್ಷದಲ್ಲಿ ಒಂದೇ ವಾರ ಇಬ್ಬರೂ ಹೋದರು. ಆಮೇಲೆ ಇಪ್ಪತ್ತು ವರ್ಷ ಅಯ್ಯನವರು ಮಾತಾಡಿದ್ದು ಪ್ರಸಂಗಪೀಠದಲ್ಲಿ ಮತ್ತು ದ್ವೀಪಸಭೆಯಲ್ಲಿ ಮಾತ್ರ.

ಹೆಣವನ್ನು ಮೇಲೆ ಪಾದ್ರಿಮನೆಗೆ ಹೊತ್ತರು. ನಾನು ತಿರುಗಿ ಬಂದು ಉಳಿದ ಪಾಚಿಯನ್ನೂ ತುಂಬಿಕೊಂಡೆ. ಈಗ ಹೇಳಲು ನಾಚಿಕೆಯಾಗುತ್ತದೆ. ಆದರೆ ಮುಂದಿನ ಉಬ್ಬರ ಬಂದರೆ ಅದು ಹೋಗಿಬಿಡುತ್ತಿತ್ತು. ಪಾಚಿಯನ್ನು ದಂಡೆಯಲ್ಲಿ ಬಿಟ್ಟು ಬರುವುದು ನಮ್ಮ ಕೈಲಾಗದು.

* * *

ಆ ಸಂಜೆ ಪಾದ್ರಿಮನೆಯ ಅಡುಗೆಕೋಣೆಯಲ್ಲಿ, ಭಾನುವಾರ ಊರೆಲ್ಲ ಉಣ್ಣುವ ಕಾಳಿನ ಮಡಕೆ ಹಾಗೇ ಕೂತಿತ್ತು. ಹಂದಿಕಾಲಿನ ಕೊಬ್ಬು ಮೇಲೆ ಬೆಳ್ಳಗೆ ಗಟ್ಟಿಯಾಗಿತ್ತು. ಅಯ್ಯನವರ ತಂಗಿ ರಾಶೆಲಮ್ಮ ಅದರ ಮುಂದೆ ಕೂತು ಹೆಣೆಯುತ್ತಿದ್ದರು. ಅಣ್ಣನ ಕಾಲುಚೀಲ. ನಿಲ್ಲಿಸಿರಲಿಲ್ಲ.

ಡಾಕ್ಟರು ಮಹಡಿಯಿಂದ ಇಳಿದು ಬಂದರು. "ಎದೆಯಲ್ಲಿ ಉಪ್ಪುನೀರು ತುಂಬಿದೆ. ಮುಳುಗಿಯೇ ಸತ್ತಿದ್ದಾರೆ. ತಲೆಯ ಗಾಯ ಅದಕ್ಕೆ ಮೊದಲಿನದು. ಬಂಡೆಗೆ ಬಿದ್ದಿರಬಹುದು."

ಯಜಮಾನ ಮೇಜಿನ ಕಡೆ ಕಣ್ಣು ಹಾಯಿಸಿದ. ಅಲ್ಲಿ ಅಯ್ಯನವರ ಗಡಿಯಾರ, ಮದುವೆಯ ಉಂಗುರ ಜೊತೆಯಾಗಿ ಇದ್ದವು. "ನೋಡಿ. ಎಲ್ಲ ತೆಗೆದಿಟ್ಟು ಹೋಗಿದ್ದಾರೆ. ಇನ್ನೇನು ಬೇಕು?"

ರಾಶೆಲಮ್ಮನ ಸೂಜಿಗಳು ನಿಂತವು.

"ಕ್ಲೆಮಾಂ, ಬಂಡೆಗಳ ದಾರೀಲಿ ಹೋಗ್ವಾಗೆಲ್ಲ ಅಣ್ಣ ಅವನ್ನ ತೆಗೆದಿಟ್ಟೇ ಹೋಗೋದು. ಒಂದ್ಸಲ ಉಪ್ಪು ಹಿಡಿದು ಗಡಿಯಾರ ಕೆಟ್ಟಿತ್ತು. ಉಂಗುರ ಬೆರಳಿಗೆ ಸಡಿಲ. ಈ ಮನೇಲಿ ಅದು ಹೊಸದಲ್ಲ."

"ನಿಮ್ಮ ಸಂಕಟ ನಂಗೆ ಅರ್ಥ ಆಗುತ್ತಮ್ಮಾ."

"ಅರ್ಥ ಆಗಿಲ್ಲ. ಪಟ್ಟಣದ ಹಿರಿಯ ಪಾದ್ರಿಗಳು ಚೀಟಿ ಕಳಿಸಿದಾರೆ. ಶುಕ್ರವಾರ ವಿಚಾರಣೆ. ತಾನೇ ಜೀವ ತಗೊಂಡದ್ದು ಅಂತ ಪಂಚರು ಹನ್ನೆರಡು ಜನ ಹೇಳಿದ್ರೆ, ಪ್ರಾರ್ಥನೆ ಇಲ್ಲ, ಗಂಟೆ ಇಲ್ಲ. ಮೂವತ್ತೊಂದು ವರ್ಷ ಊರವರನ್ನೆಲ್ಲ ಹೂಳಿದ ಮನುಷ್ಯ ಸ್ಮಶಾನದ ಗೋಡೆ ಆಚೆ, ಮುಳ್ಳುಗಿಡದ ಕೆಳಗೆ. ಅತ್ತಿಗೆ, ಮಗು ಈಚೆ." ಅವರು ಎಲಿಯ ಕಡೆ ತಿರುಗಿದರು. "ನಾಲ್ಕು ದಿನ ಇದೆ ಎಲಿ. ನಂಗೆ ಇನ್ನೇನೂ ಬೇಡ. ಆ ಗೋಡೆ ಒಳಗೆ ಆರಡಿ ಜಾಗ ಬೇಕು."

ಎಲಿ ಮೆಲ್ಲಗೆ ಕೇಳಿದ: "ನಿನ್ನೆ ಎಲ್ಲಿಗೆ ಹೊರಟ್ರು ಅಮ್ಮಾ?"

"ಆರಾಧನೆ ಮುಗಿಸಿ, ಊಟಾನೂ ಮಾಡ್ದೆ, ಪಡುವಣ ಮೂಲೆಯ ಮುದುಕಿ ಸೂಸಾನ್‌ನ ನೋಡೋಕೆ. ಅವಳು ಹಾಸಿಗೆ ಹಿಡಿದಿದಾಳೆ. ರಾತ್ರಿ ಅಲ್ಲೇ ಪಕ್ಕದಲ್ಲಿ ಕೂತಿದಾರೆ ಅಂದ್ಕೊಂಡೆ. ಎಷ್ಟೋ ಸಲ ಹಾಗೆ ಕೂತಿದಾರೆ."

"ದಾರಿ ದಂಡೆ ಮೇಲಿಂದಾನಾ?"

"ಹೌದು. ಕರಿಸಾಲು ಬಂಡೆಗಳ ಎದುರಿಂದ."

ಎಲಿ ಹೋಗಿ ಕೇಳಿ ಬಂದ. ಸೂಸಾನಳ ಮನೆಗೆ ಅಯ್ಯನವರು ಬಂದೇ ಇರಲಿಲ್ಲ. ಅದು ಪಡುವಲು. ಹೆಣ ಸಿಕ್ಕಿದ್ದು ಮೂಡಲು.

"ಅವರ ಊರುಗೋಲು ಎಲ್ಲಿ?" ಎಲಿ ಕೇಳಿದ. ನಮ್ಮ ದ್ವೀಪದಲ್ಲಿ ಆಳೆತ್ತರ ಬೆಳೆಯುವ ಕೋಸಿನ ದಂಟು ಒಣಗಿಸಿ ಮಾಡಿದ ಕೋಲು. ಅದರ ತುದಿಗೆ ತಾಮ್ರದ ಪಟ್ಟಿ ಹಾಕಿಕೊಟ್ಟವನು ಎಲಿಯೇ.

ಅದು ಎಲ್ಲಿಯೂ ಇರಲಿಲ್ಲ.

* * *

ಮಂಗಳವಾರ ಊರು ಕೊಲೆ ಎಂದು ಒಬ್ಬನನ್ನು ಹಿಡಿಯಿತು.

ಯಾನ್ ಎಂಬ, ಸಮುದ್ರದಾಚೆಯ ಬ್ರಿಟನಿ ಸೀಮೆಯ ಕೂಲಿಯಾಳು. ಆಲೂಗಡ್ಡೆ ಕೆಲಸಕ್ಕೆ ದೋಣಿ ಹತ್ತಿ ಬರುವವರಲ್ಲಿ ಒಬ್ಬ. ಹೆಂಡದಂಗಡಿಯಲ್ಲಿ ಅಯ್ಯನವರ ಕಪ್ಪು ಕೋಟು ತೊಟ್ಟು ಕೂತಿದ್ದ. ಹಿಂದಿನ ತಿಂಗಳು ಅವನು ಪಾದ್ರಿಮನೆಯ ಬಾಗಿಲಲ್ಲಿ ಕೂಗಾಡಿದ್ದನ್ನು ಎಲ್ಲರೂ ಕೇಳಿದ್ದರು. ಊರಿನ ಹುಡುಗಿಯೊಬ್ಬಳ ಜೊತೆ ಮದುವೆ ಮಾಡಿಸಲು ಅಯ್ಯನವರು ಒಪ್ಪಿರಲಿಲ್ಲ.

"ಕೋಟು ಬಿಚ್ಚೋ ಕಳ್ಳ! ಹೆಣದ ಮೈಯಿಂದ ಕಿತ್ಕೊಂಡ್ಯಾ?" ಎಂದು ಊರ ಕುಂಬಾರ ಕುತ್ತಿಗೆಪಟ್ಟಿ ಹಿಡಿದ.

"ಕೊಟ್ಟರು! ಶನಿವಾರ ಕೊಟ್ಟರು! ಚಳಿ ಅಂತ!"

ಎಲಿ ಕೋಟನ್ನು ರಾಶೆಲಮ್ಮನ ಮುಂದೆ ಹಿಡಿದ. ಅವರು ಒಳಮಡಿಕೆ ತಿರುಗಿಸಿ ನೋಡಿದರು. "ಮೂರನೇ ಗುಂಡಿ ನಾನೇ ಹೊಲಿದೆ, ಶನಿವಾರ ಬೆಳಗ್ಗೆ. ಕೊಡೋಕೆ ಮುಂಚೆ. ಮದುವೆ ಬೇಡ ಅಂದದ್ದು ಆ ಹುಡುಗಿಗೆ ಇನ್ನೂ ಹದಿನೈದು ಅಂತ. ಬೈದ ಮೇಲೆ ಬೆಚ್ಚಗೂ ಮಾಡೋರು ನಮ್ಮಣ್ಣ. ಹಾಗಿದ್ರು."

ಅಲ್ಲಿಗೆ ಯಾನ್ ಬಚಾವಾದ. ಆದರೆ ಎಲಿ ಗಮನಿಸಿದ್ದು ಬೇರೆ. ಹೆಂಡದಂಗಡಿಯಲ್ಲಿ ಯಾನ್‌ನನ್ನು ಹೊಡೆಯಲು ಬಂದವರಿಗೆ ಅಡ್ಡ ನಿಂತವನು ಯಜಮಾನ ವೋತಿಯೆ.

"ಬಿಡ್ರೋ ಪಾಪದವನನ್ನ. ಕೊಲೆ ಅಂತೆ ಕೊಲೆ! ಅಯ್ಯನೋರು ತಾವಾಗೇ ಹೋದ್ರು."

"ಯಜಮಾನ್ರು ಬ್ರಿಟನಿಯವರ ಮೇಲೆ ಯಾವಾಗಿಂದ ಕರುಣೆ ಇಟ್ರು ಮಾವ?" ದಾರಿಯಲ್ಲಿ ಎಲಿ ನನ್ನನ್ನು ಕೇಳಿದ. "ಹೋದ ವರ್ಷ ಒಬ್ಬ ಎರಡು ಕೋಸು ಕದ್ದ ಅಂತ ಜೈಲಿಗೆ ಹಾಕ್ಸಿದ್ರಲ್ಲ."

ಸಾವು ಮನುಷ್ಯನನ್ನು ಮೆತ್ತಗೆ ಮಾಡುತ್ತದೆ ಎಂದುಕೊಂಡೆ.

* * *

ಬುಧವಾರ ಬೆಳಗ್ಗೆ ನಾನು ಹೊಲದಲ್ಲಿ ಆ ಪಾಚಿ ಹರಡುತ್ತಿದ್ದೆ. ಎಲಿ ಬಂದು ಕಲ್ಲುಗೋಡೆ ಮೇಲೆ ಕೂತ. ತಿಂಡಿ ತಿಂದಿರಲಿಲ್ಲ. ನನ್ನ ರೊಟ್ಟಿಯಲ್ಲಿ ಅರ್ಧ ಕೊಟ್ಟೆ. ಕೋಸಿನೆಲೆಯಲ್ಲಿ ಸುತ್ತಿ ಬೇಯಿಸಿದ ರೊಟ್ಟಿ.

"ಮಾವ, ನಂಗೆ ಹೊಲ ಇಲ್ಲ. ದಡ್ಡ ಪ್ರಶ್ನೆ ಕೇಳ್ತೀನಿ, ನಗ್ಬೇಡ."

"ನಕ್ಕು ಮೂರು ದಿನ ಆಯ್ತು. ಕೇಳು."

"ಹತ್ತು ದಿನದಿಂದ ಸಮುದ್ರ ತಟ್ಟೆ ನೀರಿನ ಹಾಗೆ ಇದೆ. ಒಂದು ಗಾಡಿ ಪಾಚಿ ಕಿತ್ತು ದಂಡೆಗೆ ಹಾಕಿದ್ದು ಯಾರು?"

ನಾನು ಕವೆಗೋಲು ಊರಿ ನಿಂತೆ. ಐವತ್ತು ವರ್ಷ ಪಾಚಿ ಹೊತ್ತವನು ನಾನು. ಆ ಪ್ರಶ್ನೆ ನನ್ನ ತಲೆಗೆ ಬಂದಿರಲಿಲ್ಲ.

"ತುಂಬುವಾಗ ಏನಾದ್ರೂ ಬೇರೆ ಥರ ಅನ್ನಿಸ್ತಾ? ನೆನಪು ಮಾಡ್ಕೋ. ನಿಧಾನ."

ಕಣ್ಣು ಮುಚ್ಚಿದೆ. ಮಂಜು. ಕುದುರೆಯ ಉಸಿರು. ಹಿಡಿ ಎತ್ತುವುದು, ಗಾಡಿಗೆ ಹಾಕುವುದು. ಹಿಡಿ ಎತ್ತುವುದು, ಹಾಕುವುದು.

"ಸದ್ದಿರಲಿಲ್ಲ" ಎಂದೆ.

"ಯಾವ ಸದ್ದು?"

"ಕಲ್ಲಿನ ಸದ್ದು. ಬಿರುಗಾಳಿ ಕಿತ್ತ ಪಾಚಿ ಬುಡಸಮೇತ ಬರುತ್ತೆ. ಬುಡ ಕಲ್ಲನ್ನ ಕಚ್ಕೊಂಡಿರುತ್ತೆ. ಗಾಡಿಗೆ ಹಾಕಿದ್ರೆ ಕಟಕಟ ಅನ್ನುತ್ತೆ. ಆವತ್ತು... ಹಾಸಿಗೆಗೆ ಹುಲ್ಲು ತುಂಬಿದ ಹಾಗಿತ್ತು."

ಇಬ್ಬರೂ ಮಂಡಿಯೂರಿ ಹೊಲದಲ್ಲಿ ಕೂತೆವು. ಒಂದೊಂದೇ ದಂಟು ಎತ್ತಿ ನೋಡಿದೆವು. ಬುಡವಿಲ್ಲ. ಬೇರಿಲ್ಲ. ಪ್ರತಿ ದಂಟಿನ ತುದಿಯೂ ಓರೆಯಾಗಿ, ನುಣ್ಣಗೆ. ಕುಡುಗೋಲಿನ ಗಾಯ.

ಕೈಯಲ್ಲಿದ್ದ ದಂಟನ್ನು ಕೆಳಗೆ ಹಾಕಿದೆ. ಯಾಕೆಂದು ಹೊರಗಿನವರಿಗೆ ತಿಳಿಯದು. ಬಂಡೆಯ ಮೇಲಿನ ಪಾಚಿಗೆ ಕುಡುಗೋಲು ಹಾಕಲು ವರ್ಷಕ್ಕೆ ಒಂದು ದಿನ ಊರ ಯಜಮಾನ ಗೊತ್ತು ಮಾಡುತ್ತಾನೆ. ಅದಕ್ಕೆ ಮೊದಲು ಯಾರೂ ಕೊಯ್ಯುವಂತಿಲ್ಲ. ಮೊದಲು ಹಾಗಿರಲಿಲ್ಲ. ಗಾಡಿಯಿದ್ದ ದೊಡ್ಡವರು ಬೇಕಾದಾಗ ಕೊಯ್ದು, ಬಡವರಿಗೆ ಬೋಳು ಬಂಡೆ ಬಿಡುತ್ತಿದ್ದರು. ಅಯ್ಯನವರು ದ್ವೀಪಸಭೆಯಲ್ಲಿ ಏಳು ವರ್ಷ ಗುದ್ದಾಡಿ ಕಾನೂನು ತಂದರು: ಎಲ್ಲರಿಗೂ ಒಂದೇ ದಿನ, ಒಂದೇ ಸನ್ನೆ. ಬಂಡೆ ಮೇಲೆ ನಿಂತು ಟೋಪಿ ಎತ್ತಿ ಸನ್ನೆ ಕೊಡುತ್ತಿದ್ದವರೂ ಅವರೇ. ಅವರ ಜೀವಮಾನದಲ್ಲಿ ಗೆದ್ದದ್ದು ಅದೊಂದೇ. ಈ ವರ್ಷದ ದಿನ ಮರುದಿನ, ಗುರುವಾರ.

ಹಾಗಾಗಿ ಅದಕ್ಕೆ ಮುಂಚೆ ದಂಡೆಯಲ್ಲಿ ಕಂಡ ಪಾಚಿ ಸಮುದ್ರದ್ದೇ ಎಂದು ನಮ್ಮ ಕಣ್ಣು ತಾನೇ ತೀರ್ಮಾನ ಮಾಡಿಬಿಡುತ್ತದೆ. ಬೇರೆ ಥರ ನೋಡಲು ನಮಗೆ ಬರುವುದೇ ಇಲ್ಲ. ನೋಡಲು ಬಂದದ್ದು ಹೊಲವಿಲ್ಲದ ಎಲಿಗೆ.

"ಈ ಅಗಲ ಎಲೆ ಎಲ್ಲಿ ಬೆಳೆಯುತ್ತೆ?"

"ಕರಿಸಾಲಿನಲ್ಲಿ ಮಾತ್ರ. ದೊಡ್ಡ ಇಳಿತಕ್ಕೆ ಮಾತ್ರ ಅದು ಮೇಲೆ ಬರೋದು. ಭಾನುವಾರ ಮಧ್ಯಾಹ್ನ ಬಂದಿತ್ತು. ಊರೆಲ್ಲ ಕಾಳಿನ ಮಡಕೆ ಮುಂದೆ ಇದ್ದ ಹೊತ್ತು." ನಾನು ಎದ್ದೆ. "ನಡಿ, ಇವತ್ತಿನ ಇಳಿತಕ್ಕೆ ಹೋಗಿ ನೋಡೋಣ."

ಎಲಿ ನನ್ನ ತೋಳು ಹಿಡಿದ.

"ಬೇಡ. ಅಲ್ಲಿ ಬೋಳಾಗಿದೆ ಅಂತ ನಮಗೆ ಈಗ್ಲೇ ಗೊತ್ತು. ಅದು ಇನ್ಯಾರಿಗೆ ಗೊತ್ತು ಅನ್ನೋದು ತಿಳೀಬೇಕು. ನಾಳೆವರೆಗೆ ಬಾಯಿ ಮುಚ್ಕೊಂಡಿರು ಮಾವ."

* * *

ಗುರುವಾರ ಮೂರು ಗಂಟೆಗೆ ಊರೆಲ್ಲ ಪಡುವಣ ದಂಡೆಯಲ್ಲಿತ್ತು. ಗಾಡಿಗಳು ಸಾಲಾಗಿ ನಿಂತಿದ್ದವು. ಮೊದಲನೆಯದು ಯಜಮಾನನದು, ಎಂದಿನ ಹಾಗೆ. ಹಿಂದೆ ಇಪ್ಪತ್ತು ಗಾಡಿ, ಅದರ ಹಿಂದೆ ಬುಟ್ಟಿ ಹೊತ್ತ ಹೆಂಗಸರು. ಬೇರೆ ವರ್ಷ ಹಾಡು, ಕೇಕೆ ಇರುತ್ತಿತ್ತು. ಈ ಸಲ ಕುದುರೆಗಳ ಸರಪಳಿ ಸದ್ದು ಮಾತ್ರ. ಮಂಜು ಸರಿದಿತ್ತು. ಸಮುದ್ರ ಸತ್ತ ಹಾಗೆ ಮಲಗಿತ್ತು.

ರಾಶೆಲಮ್ಮ ಕಪ್ಪು ಶಾಲು ಹೊದ್ದು ಬಂದರು. ಅಣ್ಣನ ಹಳೆಯ ಟೋಪಿಯನ್ನು ಎಲಿಯ ಕೈಗೆ ಕೊಟ್ಟರು.

"ಅವರದ್ದೇ ಎತ್ತು" ಎಂದರಷ್ಟೇ.

ಎಲಿ ಬಂಡೆ ಹತ್ತುವ ಮುನ್ನ ನನ್ನ ಕಿವಿಯಲ್ಲಿ ಹೇಳಿದ: "ನೀನು ಸಮುದ್ರ ನೋಡ್ಬೇಡ. ಗಾಡಿಗಳನ್ನ ನೋಡು."

ನೀರು ಇಳಿಯುತ್ತ ಇಳಿಯುತ್ತ ಕರಿಸಾಲಿನ ಬೆನ್ನು ದೂರದಲ್ಲಿ ಎದ್ದಿತು. ಎರಡು ಗಂಟೆ ಕಾಲ ಇರುತ್ತದೆ. ಅಷ್ಟರಲ್ಲಿ ಕೊಯ್ದದ್ದು ವರ್ಷದ ಗೊಬ್ಬರ.

ಟೋಪಿ ಮೇಲೆದ್ದಿತು.

ಗಾಡಿಗಳು ನುಗ್ಗಿದವು. ಎಲ್ಲವೂ ಬಲಕ್ಕೆ, ಕರಿಸಾಲಿಗೆ. ಒಳ್ಳೆಯ ಪಾಚಿ ಅಲ್ಲೇ. ಮೊದಲ ಗಾಡಿಯ ಕುದುರೆಯೂ ಬಲಕ್ಕೇ ಕತ್ತು ತಿರುಗಿಸಿತು. ಯಜಮಾನ ಲಗಾಮು ಜಗ್ಗಿದ. ಅದು ಮತ್ತೆ ಬಲಕ್ಕೆ ಎಳೆಯಿತು. ಅವನು ಎದ್ದು ನಿಂತು, ಎರಡೂ ಕೈಯಲ್ಲಿ ಜಗ್ಗಿ, ಎಡಕ್ಕೆ ತಿರುಗಿಸಿದ. ಹತ್ತಿರದ ಸಣ್ಣ ಬಂಡೆಗಳಿಗೆ, ಮುದುಕಿಯರು ಹೋಗುವ ಜಾಗಕ್ಕೆ. ಇಳಿದವನೇ ತಲೆ ಎತ್ತದೆ ಕೊಯ್ಯತೊಡಗಿದ.

ಉಳಿದ ಇಪ್ಪತ್ತು ಗಾಡಿ ಅವನನ್ನು ದಾಟಿ ಹೋದವು.

ಕಾಲು ಗಂಟೆಯಲ್ಲಿ ಕರಿಸಾಲಿನಿಂದ ಕೂಗು ಬಂತು. "ಬೋಳು! ಯಾರೋ ಬೋಳಿಸಿಬಿಟ್ಟಿದಾರೆ!" ಕುಂಬಾರ ಒಂದು ಕೋಲು ಎತ್ತಿ ಆಡಿಸುತ್ತ ಓಡಿ ಬಂದ. ಬಂಡೆಯ ಸಂದಿನಲ್ಲಿ ಸಿಕ್ಕಿಕೊಂಡಿತ್ತಂತೆ. ಕೋಸಿನ ದಂಟಿನ ಕೋಲು. ತುದಿಯಲ್ಲಿ ತಾಮ್ರದ ಪಟ್ಟಿ.

ಎಲಿ ಅದನ್ನು ತೆಗೆದುಕೊಂಡು ಸಣ್ಣ ಬಂಡೆಗಳ ಕಡೆ ನಡೆದ. ನಾವೆಲ್ಲ ಹಿಂದೆ ಹೋದೆವು. ಯಾರೂ ಯಾರನ್ನೂ ಕರೆಯಲಿಲ್ಲ.

* * *

"ಯಜಮಾನ್ರೇ, ಈ ಸಲ ಇಲ್ಯಾಕೆ?"

ವೋತಿಯೆ ಬೆನ್ನು ನೆಟ್ಟಗೆ ಮಾಡಿದ. "ಕುದುರೆ ಎಡಕ್ಕೆ ಎಳೀತು."

"ಬಲಕ್ಕೆ ಎಳೀತು. ಪ್ರತಿ ವರ್ಷದ ದಾರಿ ಅದಕ್ಕೆ ಗೊತ್ತು. ನೀವು ಜಗ್ಗಿದ್ದನ್ನ ಜೋಸುವೆ ಮಾವ ನೋಡಿದಾನೆ."

"ಅದಕ್ಕೇನೀಗ? ನನ್ನಿಷ್ಟ."

"ಕರಿಸಾಲು ಬೋಳು ಅಂತ ನಮ್ಮಿಬ್ಬರನ್ನ ಬಿಟ್ರೆ ಕೊಯ್ದವರಿಗೆ ಮಾತ್ರ ಗೊತ್ತಿತ್ತು. ಅಲ್ಲಿಗೆ ಹೋಗಿ ಆಶ್ಚರ್ಯಪಟ್ಟ ಹಾಗೆ ನಟಿಸಿದ್ರೆ ಸಾಕಿತ್ತು, ನನ್ನ ಹತ್ರ ಬೇರೇನೂ ಇರ್ಲಿಲ್ಲ. ಆದ್ರೆ ಎರಡು ಗಂಟೆ ಇಳಿತ ದಂಡ ಮಾಡೋಕೆ ನಿಮ್ಮ ಕೈಗೆ ಆಗ್ಲಿಲ್ಲ. ರೈತನ ಕೈ ಅದು."

ಯಜಮಾನ ಸುತ್ತ ನೋಡಿದ. ಅವನನ್ನು ಆರಿಸಿದ ಜನವೇ ಸುತ್ತ ನಿಂತಿದ್ದರು.

ಎಲಿ ಸಣ್ಣ ದನಿಯಲ್ಲಿ ಹೇಳುತ್ತ ಹೋದ. "ಮೊದಲ ಆಲೂಗಡ್ಡೆ ನಿಮ್ಮದೇ ಆಗೋಕೆ ಪಾಚಿ ಎಲ್ಲರಿಗಿಂತ ಮುಂಚೆ ಬೇಕು. ಭಾನುವಾರ, ಮಂಜು, ಊರು ಊಟಕ್ಕೆ ಕೂತಿದೆ. ಮೇಲಿನ ದಾರೀಲಿ ಹೋಗ್ತಿದ್ದ ಅಯ್ಯನೋರಿಗೆ ಕಾಣ್ಲಿಲ್ಲ, ಕೇಳಿಸ್ತು. ಕುಡುಗೋಲಿನ ಸದ್ದು. ಕೋಲು ಊರ್ಕೊಂಡು ಬಂಡೆಗೆ ಇಳಿದು ಬಂದ್ರು. ಆಮೇಲೆ ನೀವು ಅವರನ್ನ ಗಾಡೀಲಿ ಪಾಚಿ ಕೆಳಗೆ ಹಾಕಿ, ಮಂಜಲ್ಲಿ ಮೂಡಲಿಗೆ ಹೊಡ್ಕೊಂಡು ಹೋಗಿ, ಉಬ್ಬರದ ಗೆರೆ ಕೆಳಗೆ ಗಾಡಿ ಕವುಚಿದ್ರಿ. ಸಮುದ್ರ ತಂದು ಹಾಕಿತು ಅನ್ನಿಸ್ಬೇಕು. ಕರಿಸಾಲಿನ ಹತ್ರ ಯಾರೂ ಹುಡುಕಬಾರದು. ಕೊಲೆ ಅನ್ನೋ ಮಾತೇ ಏಳಬಾರದು ಅಂತ ಆ ಬ್ರಿಟನಿಯವನಿಗೂ ಅಡ್ಡ ನಿಂತ್ರಿ. ತಪ್ಪಿದ್ದು ಒಂದೇ. ಆ ಪಾಚಿಗೆ ಬುಡ ಇರ್ಲಿಲ್ಲ."

ಕುಡುಗೋಲು ಯಜಮಾನನ ಕೈಯಿಂದ ಜಾರಿ ಬಂಡೆಗೆ ಬಿತ್ತು.

"ಬರೋ ಭಾನುವಾರ ಆರಾಧನೆ ಮುಗಿದ್ಮೇಲೆ, ಊರೆಲ್ಲ ಸೇರಿದಾಗ, ಸಮಾಧಿಗಳ ಮಧ್ಯೆ ನಿಂತು ಎಲ್ಲರಿಗೂ ಸಾರ್ತೀನಿ ಅಂದ್ರು" ಎಂದ ವೋತಿಯೆ. "'ನೀನೇ ದಿನ ಗೊತ್ತು ಮಾಡಿ ನೀನೇ ಕದಿಯೋದಾ ಕ್ಲೆಮಾಂ' ಅಂದ್ರು. ಬೈಲಿಲ್ಲ. ಅತ್ತರು. ಅದು ನಂಗೆ ತಡ್ಕೊಳ್ಳೋಕೆ ಆಗ್ಲಿಲ್ಲ. ಒಂದೇ ಸಲ ನೂಕಿದ್ದು. ಒಂದೇ ಸಲ. ಸತ್ತೋದ್ರು. ಸತ್ತವರನ್ನ ತಾನೇ ನಾನು ಸಾಗಿಸಿದ್ದು, ಕೊಲ್ಲಬೇಕು ಅಂತ..."

"ಕ್ಲೆಮಾಂ" ಎಂದ ಎಲಿ. ಯಜಮಾನ್ರೇ ಎನ್ನಲಿಲ್ಲ. "ಡಾಕ್ಟರು ಹೇಳಿದ್ದು ನೀನೂ ಕೇಳಿಸ್ಕೊಂಡೆ. ಎದೆ ತುಂಬ ಉಪ್ಪುನೀರು. ಸತ್ತವರು ನೀರು ಕುಡಿಯಲ್ಲ."

ಅವನಿಗೆ ಅದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ನನಗೂ.

ಕರಿಸಾಲಿನಲ್ಲಿ ಬಿದ್ದಾಗ ಅಯ್ಯನವರು ಸತ್ತಿರಲಿಲ್ಲ. ಗಾಡಿಯಲ್ಲಿ ಪಾಚಿಯ ಕೆಳಗೆ ಸತ್ತಿರಲಿಲ್ಲ. ಮೂಡಲ ದಂಡೆಯಲ್ಲಿ, ತಮ್ಮ ಮನೆಯ ದೀಪ ಕಾಣುವಷ್ಟು ಹತ್ತಿರ, ಆ ಒದ್ದೆ ಭಾರದ ಕೆಳಗೆ ಮಲಗಿ ಸಂಜೆಯ ಉಬ್ಬರಕ್ಕೆ ಕಾದಿದ್ದರು.

ವೋತಿಯೆ ಕೂತುಬಿಟ್ಟ. ರಾಶೆಲಮ್ಮ ಅವನನ್ನು ನೋಡಲಿಲ್ಲ. ಎಲಿಯ ಕೈಯಿಂದ ಕೋಲು ತೆಗೆದುಕೊಂಡು, ಅದರ ಮರಳನ್ನು ಶಾಲಿನಿಂದ ಒರೆಸಿ, ಮನೆಯ ಕಡೆ ಹೊರಟರು.

ಆ ದಿನ ಯಾರೂ ಪಾಚಿ ಕೊಯ್ಯಲಿಲ್ಲ.

* * *

ಶುಕ್ರವಾರದ ವಿಚಾರಣೆ ಬೇಗ ಮುಗಿಯಿತು. ನಾನು ಹನ್ನೆರಡು ಜನರ ಮುಂದೆ ನಿಂತು ಕಲ್ಲಿನ ಸದ್ದಿನ ಬಗ್ಗೆ ಹೇಳಿದೆ. ಪಟ್ಟಣದ ಅಧಿಕಾರಿಗೆ ಅದನ್ನು ಎರಡು ಸಲ ಹೇಳಬೇಕಾಯಿತು. ಹನ್ನೆರಡು ಮಂದಿ ರೈತರಿಗೆ ಒಂದೇ ಸಲ ಸಾಕಾಯಿತು. ವೋತಿಯೆಯನ್ನು ದೊಡ್ಡ ನ್ಯಾಯಾಲಯಕ್ಕೆ ಕಳಿಸಿದರು. ಅವನು ಈ ದಂಡೆಗೆ ಮತ್ತೆ ಬರಲಿಲ್ಲ.

ಶನಿವಾರ ಗಂಟೆ ಹೊಡೆಯಿತು. ಗೋಡೆಯ ಒಳಗೆ, ಹೆಂಡತಿಗೂ ಮಗಳಿಗೂ ನಡುವೆ ಆರಡಿ ತೋಡಿದೆವು. ಯಾನ್ ಆ ಕಪ್ಪು ಕೋಟು ತೊಟ್ಟೇ ಬಂದು ಗುಂಡಿ ತೋಡಲು ಕೈ ಹಾಕಿದ. ಯಾರೂ ಬೇಡ ಅನ್ನಲಿಲ್ಲ.

ಹೊಲದಲ್ಲಿ ಹರಡಿದ್ದ ಪಾಚಿಯನ್ನು ಕೂಡಿಸಿ ಕರಿಸಾಲಿಗೆ ಒಯ್ದು ನೀರಿಗೆ ಬಿಟ್ಟೆ. ಆ ತುಂಡು ಹೊಲ ಆ ವರ್ಷ ಬೀಳು ಬಿತ್ತು.

ಈಗ ನನಗೆ ಎಂಬತ್ತಾಗಿದೆ. ಬಿರುಗಾಳಿಯ ಮರುದಿನ ಈಗಲೂ ದಂಡೆಗೆ ಹೋಗುತ್ತೇನೆ. ಗಾಡಿಗೆ ಒಂದೇ ಒಂದು ಹಿಡಿ ಹಾಕಿ, ಕಿವಿಗೊಟ್ಟು ನಿಲ್ಲುತ್ತೇನೆ. ಕಲ್ಲು ಹಲಗೆಗೆ ಬಡಿದ ಸದ್ದು ಕೇಳಿದ ಮೇಲೆಯೇ ಎರಡನೆಯ ಹಿಡಿ ಎತ್ತುವುದು.